ಕಡತದಲ್ಲಿ ಅಪಾಯ, ಸಭೆಯಲ್ಲಿ ಮೌನ

ಮನೆಯಲ್ಲಿ ಯಾರಾದರೂ ಕೆಟ್ಟದ್ದರ ಸಂಭವವನ್ನು ಬಾಯಿಬಿಟ್ಟು ಆಡಿದರೆ ಹಿರಿಯರು ತಕ್ಷಣ ‘ಬಿಡ್ತು ಅನ್ನು’ ಎನ್ನುತ್ತಾರೆ. ಆಡಿದ ಮಾತು ನಿಜವಾಗಿಬಿಟ್ಟೀತೆಂಬ ಅಳುಕು ಅದರ ಹಿಂದಿದೆ. ಮನೆಯ ಮಟ್ಟಿಗೆ ಇದೊಂದು ನಿರುಪದ್ರವಿ ನಂಬಿಕೆ. ಆದರೆ ಇದೇ ಮನೋಧರ್ಮ ಕಾರ್ಖಾನೆಯ, ಬ್ಯಾಂಕಿನ ಅಥವಾ ಸಹಕಾರ ಸಂಘದ ಸಭಾಕೊಠಡಿಯನ್ನು ಹೊಕ್ಕರೆ ಅದರ ಬೆಲೆಯನ್ನು ತೆರಬೇಕಾದವರು ಕಾರ್ಮಿಕರು ಮತ್ತು ಠೇವಣಿದಾರರು. ಅಪಾಯದ ಸುಳಿವು ಕಂಡವನು ಅಪಶಕುನ ನುಡಿದವನೆನಿಸಿಕೊಳ್ಳುವ ಕಡೆ ಯಾರೂ ಸುಳಿವು ಕೊಡಲು ಮುಂದಾಗುವುದಿಲ್ಲ.

‘ಎಂಟರ್‌ಪ್ರೈಸ್ ರಿಸ್ಕ್ ಮ್ಯಾನೇಜ್‌ಮೆಂಟ್’, ಅಂದರೆ ಉದ್ಯಮದ ಸಮಗ್ರ ಅಪಾಯ ನಿರ್ವಹಣೆ ಎಂಬ ಪದ್ಧತಿ ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಉದ್ಯಮವಲಯದಲ್ಲಿ ಬೇರೂರಿದೆ. ಅಮೆರಿಕದ ಲೆಕ್ಕಪತ್ರ ವೃತ್ತಿಸಂಸ್ಥೆಗಳ ಕೂಟವಾದ ‘ಕೋಸೊ’ ಇದಕ್ಕೊಂದು ಚೌಕಟ್ಟನ್ನು 2004ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ‘ಐಎಸ್‌ಒ 31000’ ಎಂಬ ಮಾರ್ಗಸೂಚಿ 2009ರಲ್ಲಿ ಹೊರಬಂದು 2018ರಲ್ಲಿ ನವೀಕರಣಗೊಂಡಿತು. ಬೆಂಕಿ, ಕಳವು, ಸಾಲಬಾಕಿ, ವಿನಿಮಯ ದರ, ಕಾನೂನು ತೊಡಕು ಎಂದು ಒಂದೊಂದನ್ನೂ ಒಂದೊಂದು ಶಾಖೆಯವರು ಬೇರೆ ಬೇರೆಯಾಗಿ ನೋಡಿಕೊಳ್ಳುವ ಬದಲು, ಇಡೀ ಉದ್ಯಮದ ಗುರಿಗೆ ಯಾವ ಯಾವ ಅನಿಶ್ಚಿತತೆಗಳು ಅಡ್ಡಬರಬಹುದೆಂಬುದನ್ನು ಒಟ್ಟಾಗಿ ನೋಡುವುದೇ ಇದರ ಸಾರ. ಐಎಸ್‌ಒ ಮಾರ್ಗಸೂಚಿಯಲ್ಲಿ ‘ಸಂವಹನ ಮತ್ತು ಸಮಾಲೋಚನೆ’ಯನ್ನು ಈ ಪ್ರಕ್ರಿಯೆಯ ಅಂಗವಾಗಿಯೇ ಹೇಳಲಾಗಿದೆ. ನಮ್ಮಲ್ಲಿ ಎಲ್ಲರೂ ಓದದೆ ಬಿಡುವ ಭಾಗ ಪ್ರಾಯಶಃ ಅದೇ.

ಕಾನೂನೂ ಈ ದಿಕ್ಕಿನಲ್ಲಿ ನಡೆದಿದೆ. 2013ರ ಕಂಪನಿ ಕಾಯ್ದೆಯ 134ನೆಯ ಕಲಮಿನಂತೆ ನಿರ್ದೇಶಕ ಮಂಡಳಿ ತನ್ನ ವಾರ್ಷಿಕ ವರದಿಯಲ್ಲಿ ಅಪಾಯ ನಿರ್ವಹಣಾ ನೀತಿಯ ಬಗ್ಗೆ ಹೇಳಲೇಬೇಕು. ಷೇರುಪೇಟೆಯ ದೊಡ್ಡ ಕಂಪನಿಗಳಿಗೆ ಅಪಾಯ ನಿರ್ವಹಣಾ ಸಮಿತಿ ಕಡ್ಡಾಯ. ಮೊದಲು ನೂರು ಕಂಪನಿಗಳಿಗೆ ಸೀಮಿತವಾಗಿದ್ದ ಈ ನಿಯಮವನ್ನು ಸೆಬಿ 2021ರಲ್ಲಿ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ಸಾವಿರ ಸ್ಥಾನಗಳಲ್ಲಿರುವ ಕಂಪನಿಗಳಿಗೂ ವಿಸ್ತರಿಸಿ, ವರ್ಷಕ್ಕೆ ಕನಿಷ್ಠ ಎರಡು ಸಭೆ ನಡೆಯಬೇಕೆಂದು ವಿಧಿಸಿತು. ಇವೆಲ್ಲ ಸ್ವಾಗತಾರ್ಹ. ಆದರೆ ಸಮಿತಿಯಿದ್ದ ಮಾತ್ರಕ್ಕೆ ಮಾತು ನಡೆಯುತ್ತದೆಂದು ಭಾವಿಸುವಂತಿಲ್ಲ. 2018ರಲ್ಲಿ ಸುಮಾರು 90 ಸಾವಿರ ಕೋಟಿ ರೂಪಾಯಿ ಸಾಲದ ಹೊರೆಯೊಂದಿಗೆ ಕುಸಿದ ಐಎಲ್ ಅಂಡ್ ಎಫ್‌ಎಸ್ ಸಮೂಹಕ್ಕೂ ಅಪಾಯ ನಿರ್ವಹಣಾ ಸಮಿತಿಯಿತ್ತು. 2015ರಿಂದ 2018ರವರೆಗೆ ಅದು ಸೇರಿದ್ದು ಒಂದೇ ಸಲವೆಂದು ಆಗ ವರದಿಯಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದ ಎರಡು ಪ್ರಬಂಧಗಳು ಈ ಸಂದರ್ಭದಲ್ಲಿ ನೆನಪಾಗುತ್ತವೆ. ಸಮಾಜದಲ್ಲಿ ಜ್ಞಾನವೆಂಬುದು ಒಬ್ಬನ ತಲೆಯಲ್ಲಿ ಕೂಡಿಟ್ಟುಕೊಂಡಿರುವುದಲ್ಲ, ಅದು ಲಕ್ಷಾಂತರ ಜನರಲ್ಲಿ ಚೂರುಚೂರಾಗಿ ಹಂಚಿಹೋಗಿದೆ, ಅದನ್ನು ಒಟ್ಟುಗೂಡಿಸುವ ಕೆಲಸವನ್ನು ಬೆಲೆ ಮಾಡುತ್ತದೆ ಎಂದು ಹಯೆಕ್ 1945ರಲ್ಲಿ ವಾದಿಸಿದರು. ಅದಕ್ಕೂ ಮೊದಲು, 1937ರಲ್ಲಿ, ರೊನಾಲ್ಡ್ ಕೋಸ್ ಉದ್ಯಮವೆಂಬುದು ಯಾಕೆ ಹುಟ್ಟುತ್ತದೆಂದು ಕೇಳಿ, ಮಾರುಕಟ್ಟೆಯಲ್ಲಿ ಪ್ರತಿಯೊಂದಕ್ಕೂ ಚೌಕಾಸಿ ಮಾಡುವ ವೆಚ್ಚವನ್ನು ಉಳಿಸುವುದಕ್ಕೆ ಎಂದು ಉತ್ತರಿಸಿದ್ದರು. ಇವೆರಡನ್ನೂ ಕೂಡಿಸಿ ಓದಿದರೆ ಒಂದು ತೊಡಕು ಎದುರಾಗುತ್ತದೆ. ಕಾರ್ಖಾನೆಯ ದ್ವಾರ ದಾಟಿದ ಮೇಲೆ ಬೆಲೆಯಿಲ್ಲ, ಆಜ್ಞೆ ಮಾತ್ರ ಇದೆ. ಆಜ್ಞೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಹಾಗಾದರೆ ಕೆಳಗಿನವರಲ್ಲಿ ಚದುರಿರುವ ತಿಳಿವಳಿಕೆ ಮೇಲಕ್ಕೆ ಏರುವುದು ಹೇಗೆ? ಮಾತಿನ ಹೊರತು ಅದಕ್ಕೆ ಬೇರೆ ವಾಹನವಿಲ್ಲ. ಅಪಾಯ ನಿರ್ವಹಣೆಯನ್ನು ಲೆಕ್ಕಪತ್ರ ವಿಭಾಗದ ಇನ್ನೊಂದು ನಮೂನೆಯಾಗಿ ನೋಡದೆ, ಆ ಮಾತನ್ನು ಸಾಧ್ಯವಾಗಿಸುವ ವ್ಯವಸ್ಥೆಯಾಗಿ ನೋಡಬೇಕೆಂಬುದು ನನ್ನ ನಿಲುವು.

ಇದು ಬರೀ ಸಿದ್ಧಾಂತವಲ್ಲ. ಸೇವೆಯಲ್ಲಿದ್ದಾಗ ಬಾಗಲಕೋಟೆ ಸೀಮೆಯ ಒಂದು ಪತ್ತಿನ ಸಹಕಾರ ಸಂಘದ ವ್ಯವಹಾರವನ್ನು ಪರಿಶೀಲಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಸಂಘದ ಹೆಸರು ಇಲ್ಲಿ ಅಪ್ರಸ್ತುತ. ಸಾಲ ವಸೂಲಿ ನಿಂತುಹೋಗಿ, ಮುದ್ದತು ಮುಗಿದ ಠೇವಣಿಯನ್ನು ಹಿಂದಿರುಗಿಸಲಾಗದೆ ಅದು ಬಾಗಿಲು ಅರ್ಧ ಮುಚ್ಚಿತ್ತು. ಕಾಗದಪತ್ರಗಳು ಅಚ್ಚುಕಟ್ಟಾಗಿದ್ದವು. ವರ್ಷವರ್ಷದ ಲೆಕ್ಕಪರಿಶೋಧನೆ ಆಗಿತ್ತು, ನಡವಳಿ ಪುಸ್ತಕ ತುಂಬಿತ್ತು, ಪ್ರತಿಯೊಂದು ಠರಾವೂ ‘ಸರ್ವಾನುಮತದಿಂದ’ ಅಂಗೀಕೃತವಾಗಿತ್ತು. ದೊಡ್ಡ ಸಾಲಗಳು ಹತ್ತಾರು ಹೆಸರುಗಳಲ್ಲಿ ಹೋಗಿದ್ದರೂ ಅವು ತಲುಪಿದ್ದು ನಾಲ್ಕಾರು ಮನೆಗಳನ್ನು, ಅದೂ ಒಂದೇ ಬಗೆಯ ವ್ಯಾಪಾರ ಮಾಡುವ ಮನೆಗಳನ್ನು. ಆ ವ್ಯಾಪಾರ ಬಿದ್ದಾಗ ಎಲ್ಲ ಸಾಲಗಳೂ ಒಟ್ಟಿಗೆ ಬಿದ್ದವು.

ಈ ವಿಷಯ ಮೊದಲು ತಿಳಿದದ್ದು ಅಧ್ಯಕ್ಷರಿಗಲ್ಲ, ವ್ಯವಸ್ಥಾಪಕರಿಗಲ್ಲ, ಲೆಕ್ಕಪರಿಶೋಧಕರಿಗೂ ಅಲ್ಲ. ಸಂಘದ ಪಿಗ್ಮಿ ಏಜೆಂಟರಿಗೆ. ದಿನವೂ ಸಂಜೆ ಅಂಗಡಿ ಅಂಗಡಿಗೆ ಹೋಗಿ ಹತ್ತಿಪ್ಪತ್ತು ರೂಪಾಯಿ ಕೂಡಿಸಿಕೊಂಡು ಬರುವವರಿಗೆ ಯಾರ ಗಲ್ಲಾಪೆಟ್ಟಿಗೆ ಬರಿದಾಗುತ್ತಿದೆ, ಯಾರು ಯಾರ ಹೆಸರಿನಲ್ಲಿ ಸಾಲ ಎತ್ತಿದ್ದಾರೆ ಎಂಬುದು ಗೊತ್ತಿರದೆ ಇರುತ್ತದೆಯೇ? ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದಾಗ ಅವರಲ್ಲೊಬ್ಬರು ಹೇಳಿದ್ದು ಇಷ್ಟು: ‘ಪ್ಯಾಟ್ಯಾಗ ಎಲ್ಲಾರಿಗೂ ಗೊತ್ತಿತ್ರಿ ಸಾಹೇಬ್ರ. ನಮ್ಮನ್ನ ಯಾರು ಕೇಳ್ತಾರ್ರಿ?’ ನಡವಳಿ ಪುಸ್ತಕವನ್ನು ಮತ್ತೆ ತಿರುವಿ ನೋಡಿದೆ. ಆ ಸಂಘದ ಸಿಬ್ಬಂದಿಯನ್ನು ಆಡಳಿತ ಮಂಡಳಿ ಸಭೆಗೆ ಕರೆದು ಏನನ್ನಾದರೂ ಕೇಳಿದ ಒಂದೇ ಒಂದು ದಾಖಲೆಯೂ ಅದರಲ್ಲಿರಲಿಲ್ಲ.

ಇಂತಹ ಮೌನದಿಂದ ಮುಳುಗುವ ಹಣ ಯಾರದು ಎಂಬುದನ್ನು ಗಮನಿಸಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರುವರಿಯಿಂದ ಐದು ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಅದಕ್ಕೆ ಮೊದಲು ಒಂದು ಲಕ್ಷವಿತ್ತು. ಪತ್ತಿನ ಸಹಕಾರ ಸಂಘಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ನಿವೃತ್ತ ಶಿಕ್ಷಕರು, ಮಗಳ ಮದುವೆಗೆಂದು ಕೂಡಿಟ್ಟ ನೇಕಾರರು, ಬೀಡಾ ಅಂಗಡಿಯವರು ಅರ್ಧ ಪರ್ಸೆಂಟ್ ಹೆಚ್ಚಿನ ಬಡ್ಡಿಗಾಗಿ ಅಲ್ಲಿ ಹಣವಿಡುತ್ತಾರೆ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ನಾಡು ನಮ್ಮದು. ಒಬ್ಬರನ್ನೊಬ್ಬರು ಬಲ್ಲವರು ಕೂಡಿ ನಡೆಸುವ ಸಂಸ್ಥೆಯಲ್ಲಿ ಸಾಲಗಾರನ ಗುಣ ಎಲ್ಲರಿಗೂ ತಿಳಿದಿರುತ್ತದೆ, ಆದ್ದರಿಂದ ಸಾಲ ಸುರಕ್ಷಿತ ಎಂಬುದೇ ಈ ಚಳವಳಿಯ ಮೂಲ ತರ್ಕ. ತಿಳಿದದ್ದನ್ನು ಆಡಲು ಜಾಗವಿಲ್ಲದಿದ್ದರೆ ಆ ತರ್ಕವೇ ಕುಸಿಯುತ್ತದೆ.

ಬಾಗಲಕೋಟೆ ಜಿಲ್ಲೆಯ ಯಾವ ಉದ್ಯಮವನ್ನು ನೋಡಿದರೂ ಮುನ್ಸೂಚನೆ ಮೊದಲು ತಿಳಿಯುವುದು ಕೈಕೆಲಸದವರಿಗೆ. ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ‘ಟೋಪ್ ತೆನಿ’ ವಿಧಾನ ಅದರ ವೈಶಿಷ್ಟ್ಯ. ರೇಷ್ಮೆಯ ಜಾಗಕ್ಕೆ ಕೃತಕ ನೂಲು ಬಂದಾಗ ಎಳೆ ಎಲ್ಲಿ ತುಂಡಾಗುತ್ತದೆ, ಯಾವ ಬಣ್ಣ ಮೊದಲ ಒಗೆತಕ್ಕೇ ಬಿಡುತ್ತದೆ, ವಿದ್ಯುತ್ ಮಗ್ಗದ ನಕಲು ಯಾವ ಸಂತೆಗೆ ಬಂದಿದೆ ಎಂಬುದೆಲ್ಲ ನೇಯುವವರಿಗೂ ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೂ ಗೊತ್ತು. ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರರಿಗೆ ಅದು ತಿಳಿಯುವುದು ಗಿರಾಕಿ ದೂರವಾದ ಮೇಲೆ. ಹೇಳಿದರೂ ಕೇಳುವವರಿಲ್ಲವೆಂದು ಮನದಟ್ಟಾದಾಗ ಜನ ಮಾತಾಡುವುದನ್ನು ಬಿಟ್ಟು ಹೊರಟುಹೋಗುತ್ತಾರೆ. ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ‘ದನಿ’ ಮತ್ತು ‘ನಿರ್ಗಮನ’ ಎಂದು ಹೆಸರಿಟ್ಟು ವಿವರಿಸಿದ್ದು ಇದನ್ನೇ. ದೇಶದಲ್ಲಿ 2009–10ರ ಗಣತಿಯಲ್ಲಿ ಸುಮಾರು 43 ಲಕ್ಷವಿದ್ದ ಕೈಮಗ್ಗ ಕೆಲಸಗಾರರ ಸಂಖ್ಯೆ 2019–20ರ ಗಣತಿಯಲ್ಲಿ ಸುಮಾರು 35 ಲಕ್ಷಕ್ಕೆ ಇಳಿದಿತ್ತು. ಇದಕ್ಕೆ ಕಾರಣಗಳು ಹಲವು. ದನಿಗೆ ಎಡೆಯಿಲ್ಲದೆ ನಿರ್ಗಮಿಸಿದವರೂ ಆ ಲೆಕ್ಕದಲ್ಲಿದ್ದಾರೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇಳಕಲ್ಲಿನ ಕೆಂಪು ಗ್ರಾನೈಟ್ ಊರಿನ ಹೆಸರಿನಿಂದಲೇ ಹೊರದೇಶಗಳಲ್ಲಿ ಮಾರಾಟವಾಗುತ್ತದೆ. ಈ ಉದ್ಯಮದ ಮಾಲೀಕರು ಡಾಲರಿನ ದರವನ್ನೂ ಹೊರದೇಶದ ಗಿರಾಕಿಯ ಪತ್ರವನ್ನೂ ಎಚ್ಚರದಿಂದ ಗಮನಿಸುತ್ತಾರೆ. ಆದರೆ ಬಂಡೆಯಲ್ಲಿ ಸೀಳು ಎತ್ತ ಹರಿದಿದೆ, ಕ್ರೇನಿನ ತಂತಿಹಗ್ಗ ಎಷ್ಟು ಸವೆದಿದೆ ಎಂಬುದು ತಿಳಿದಿರುವುದು ಗಣಿಯ ತಳದಲ್ಲಿ ನಿಂತವನಿಗೆ. ‘ಹಗ್ಗ ಬದಲಿಸಬೇಕು’ ಎಂದರೆ ಒಂದು ದಿನದ ಕೆಲಸ ನಿಲ್ಲುತ್ತದೆ, ಕೆಲಸ ನಿಲ್ಲಿಸಿದವನೆಂಬ ಹೆಸರು ಬರುತ್ತದೆ. ಆದ್ದರಿಂದ ಅವನು ಸುಮ್ಮನಿರುತ್ತಾನೆ. ಅವನ ಮೌನದ ಮೇಲೆ ಇನ್ನೊಬ್ಬನ ಜೀವ ನಿಂತಿರುತ್ತದೆ.

ಬಾದಾಮಿಯ ಕಡೆ ಅಪಾಯ ಬರುವುದು ನದಿಯ ರೂಪದಲ್ಲಿ. 2009ರ ಅಕ್ಟೋಬರಿನಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಲಪ್ರಭೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದಳು. 2019ರಲ್ಲಿ ಪಟ್ಟದಕಲ್ಲಿನ ದೇಗುಲಗಳ ಆವರಣವೂ ಜಲಾವೃತವಾಯಿತು. ಮೇಲೆ ಖಾನಾಪುರದ ಕಾಡಿನಲ್ಲಿ ಮಳೆ ಬಿದ್ದು ನವಿಲುತೀರ್ಥದ ಅಣೆಕಟ್ಟು ತುಂಬಿದರೆ ತಮ್ಮ ಹಿತ್ತಿಲಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಮೊದಲು ಯಾವ ಹಾದಿ ಮುಚ್ಚುತ್ತದೆ ಎಂಬುದು ದಂಡೆಯ ಹಿರಿಯರಿಗೆ ಬಾಯಿಪಾಠ. ಗೋದಾಮು ಕಟ್ಟುವ ವ್ಯಾಪಾರಿ ಅವರನ್ನೊಮ್ಮೆ ಕೇಳಿದರೆ ನೆಲೆಗಟ್ಟು ಎಷ್ಟು ಎತ್ತರವಿರಬೇಕೆಂಬುದು ಪುಕ್ಕಟೆಯಾಗಿ ತಿಳಿದೀತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದ ಜನರಿಗೆ, ಊಹಿಸಲಾಗದ್ದೂ ನಡೆಯಬಹುದೆಂದು ಯಾರೂ ಕಲಿಸಬೇಕಾಗಿಲ್ಲ.

ಹೀಗೆ ಚದುರಿದ ತಿಳಿವಳಿಕೆಯನ್ನು ಒಂದು ಮೇಜಿನ ಸುತ್ತ ತರುವ ಬಗೆಗೆ ಕೆನಡಾದ ‘ಹೈಡ್ರೊ ಒನ್’ ಎಂಬ ವಿದ್ಯುತ್ ಪ್ರಸರಣ ಕಂಪನಿಯ ಉದಾಹರಣೆ ಹೆಸರಾಗಿದೆ. ಹಾರ್ವರ್ಡ್‌ನ ವ್ಯವಹಾರಾಧ್ಯಯನ ಶಾಲೆ ಅದನ್ನು ಪಾಠವಾಗಿಸಿದೆ. 1999ರಲ್ಲಿ ಒಂಟಾರಿಯೊ ಪ್ರಾಂತದ ಹಳೆಯ ವಿದ್ಯುತ್ ಸಂಸ್ಥೆಯನ್ನು ಒಡೆದಾಗ ರೂಪುಗೊಂಡ ಈ ಕಂಪನಿ ಅಪಾಯಗಳನ್ನು ಕುರಿತ ಕಾರ್ಯಾಗಾರಗಳನ್ನು ಆರಂಭಿಸಿತು. ಒಂದೊಂದು ಅಪಾಯದ ಬಗ್ಗೆಯೂ ಅದರ ತೀವ್ರತೆಯೆಷ್ಟೆಂದು ಪ್ರತಿಯೊಬ್ಬರೂ ಒಂದರಿಂದ ಐದರವರೆಗಿನ ಅಂಕವನ್ನು ಗುಪ್ತವಾಗಿ ಒತ್ತುತ್ತಾರೆ. ಎಲ್ಲರ ಅಂಕಗಳೂ ಪರದೆಯ ಮೇಲೆ ಮೂಡುತ್ತವೆ, ಯಾರದು ಯಾವುದೆಂದು ತಿಳಿಯುವುದಿಲ್ಲ. ಒಬ್ಬರು ಒಂದು, ಇನ್ನೊಬ್ಬರು ಐದು ಕೊಟ್ಟಿದ್ದರೆ ಅಲ್ಲಿಂದ ಚರ್ಚೆ ಮೊದಲಾಗುತ್ತದೆ. ಐದು ಕೊಟ್ಟವರಿಗೆ ಇತರರಿಗೆ ಕಾಣದ್ದೇನು ಕಂಡಿದೆ? ಒಂದು ಕೊಟ್ಟವರಲ್ಲಿ ಭರವಸೆಗೆ ಆಧಾರವೇನು? ಸರಾಸರಿ ಅಂಕಕ್ಕಿಂತ ಅಂಕಗಳ ನಡುವಿನ ಅಂತರವೇ ಇಲ್ಲಿ ಬೆಲೆಯುಳ್ಳದ್ದು. ಅಪಾಯದ ಮಾತನ್ನು ಆಡುವುದು ಆ ಹೊತ್ತಿನಲ್ಲಿ ಒಂದು ಕರ್ತವ್ಯ. ಆದ್ದರಿಂದ ಅಲ್ಲಿ ಯಾರೂ ‘ಬಿಡ್ತು ಅನ್ನು’ ಎನ್ನಲಾರರು.

ಇದು ವಿದೇಶದ ಸರಕು, ನಮಗೆ ಒಗ್ಗದು ಎನ್ನುವವರಿದ್ದಾರೆ. ಹುನಗುಂದ ಸೀಮೆಯ ಐಹೊಳೆಯ ಚರಿತ್ರೆ ಅವರಿಗೆ ಉತ್ತರ ಕೊಡಬಲ್ಲದು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘಟನೆ ಈ ಊರಿನ ಹೆಸರನ್ನು ಹೊತ್ತು ಶತಮಾನಗಳ ಕಾಲ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಕಳ್ಳಕಾಕರ ಭಯ, ಗಡಿಗಡಿಗೂ ಸುಂಕ, ಕಡಲಿನ ಬಿರುಗಾಳಿ ಇವೆಲ್ಲದರ ನಡುವೆ ಒಬ್ಬೊಂಟಿ ವರ್ತಕ ಅಷ್ಟು ದೂರ ಹೋಗಲಾರ. ಬೇರೆ ಬೇರೆ ನಾಡಿನ ವರ್ತಕರು ಸಭೆ ಸೇರಿ, ಹೇರಿಗೆ ಇಷ್ಟೆಂದು ವಂತಿಗೆ ಗೊತ್ತುಮಾಡಿದ ವಿಷಯ ಅವರ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೂಡಿ ಮಾತಾಡುವುದೂ ಕೂಡಿ ಹೊರೆ ಹೊರುವುದೂ ಅವರಿಗೆ ಒಂದೇ ಕೆಲಸದ ಎರಡು ಮುಖಗಳಾಗಿದ್ದವು.

ಅದೇ ಹುನಗುಂದ ತಾಲ್ಲೂಕಿನಲ್ಲಿ ಕೂಡಲಸಂಗಮವಿದೆ. ಬಸವಣ್ಣನವರ ಐಕ್ಯಸ್ಥಳಕ್ಕೆ ಹೋಗಿ ಕೈಮುಗಿದು, ಎಲ್ಲ ಕಾಯಕದವರೂ ಸಮನಾಗಿ ಕುಳಿತು ಮಾತಾಡಿದ ಅನುಭವ ಮಂಟಪದ ಬಗ್ಗೆ ಭಾಷಣ ಮಾಡುವ ನಾವು, ನಮ್ಮ ಸಂಘದ ಆಡಳಿತ ಮಂಡಳಿಯ ಕೊಠಡಿಯಲ್ಲಿ ಪಿಗ್ಮಿ ಏಜೆಂಟನಿಗೆ ಒಂದು ಕುರ್ಚಿ ಹಾಕಲು ಹಿಂಜರಿಯುತ್ತೇವೆ.

ಆಕ್ಷೇಪಗಳನ್ನೂ ಪರಿಶೀಲಿಸಬೇಕು. ನೌಕರರೆದುರು ಅಪಾಯದ ಮಾತು ಎತ್ತಿದರೆ ಗುಟ್ಟು ಪೇಟೆಗೆ ಹರಡಿ, ಠೇವಣಿದಾರರು ಒಮ್ಮೆಲೇ ಮುಗಿಬೀಳುತ್ತಾರೆಂಬ ಭಯ ಸಹಕಾರಿ ಮುಖಂಡರಲ್ಲಿದೆ. ಭಯ ಪೂರ್ತಿ ನಿರಾಧಾರವಲ್ಲ. ಆದರೆ ಮೇಲಿನ ಪ್ರಕರಣದಲ್ಲಿ ಪೇಟೆಗೆ ಮೊದಲೇ ತಿಳಿದಿತ್ತು, ತಿಳಿಯದೆ ಉಳಿದದ್ದು ಆಡಳಿತ ಮಂಡಳಿಯ ಸಭೆಗೆ. ಗಾಸಿಪ್ಪಾಗಿ ಹರಿಯುವ ಸುದ್ದಿಯನ್ನು ತಡೆಯುವ ದಾರಿ ಅದನ್ನು ವರದಿಯಾಗಿ ಒಳಗೇ ಬರಮಾಡಿಕೊಳ್ಳುವುದು. ಯಜಮಾನನೇ ಮೋಸಗಾರನಾದರೆ ಇದೆಲ್ಲ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಎರಡನೆಯ ಆಕ್ಷೇಪ. ಬರುವುದಿಲ್ಲ. 2009ರ ಜನವರಿಯಲ್ಲಿ ಬಯಲಾದ ಸತ್ಯಂ ಹಗರಣದಲ್ಲಿ ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡವರು ಸ್ವತಃ ಅಧ್ಯಕ್ಷರು. ಅದು ಪೊಲೀಸರ, ನ್ಯಾಯಾಲಯದ ವಿಷಯ. ಬಹುಪಾಲು ಸಂಸ್ಥೆಗಳು ಕೆಡುವುದು ದುರುದ್ದೇಶದಿಂದಲ್ಲ, ಮುಜುಗರದಿಂದ. ಹಿರಿಯರ ಮುಂದೆ ಕಿರಿಯ ಬಾಯಿ ತೆರೆಯುವುದಿಲ್ಲ, ಬೀಗರ ಸಾಲದ ಬಗ್ಗೆ ನಿರ್ದೇಶಕ ಪ್ರಶ್ನೆ ಎತ್ತುವುದಿಲ್ಲ. ಈ ಮುಜುಗರವನ್ನು ನೀಗಲು ಪದ್ಧತಿಯಿಂದ ಸಾಧ್ಯ.

ಮಾತಾಡಿದರಷ್ಟೇ ಸಾಲದು, ಅದಕ್ಕೆ ಉತ್ತರ ಸಿಗಬೇಕೆಂಬುದನ್ನೂ ಮರೆಯುವಂತಿಲ್ಲ. ಭೋಪಾಲದ ಕಾರ್ಖಾನೆಯ ಸುರಕ್ಷತೆಯ ಲೋಪಗಳನ್ನು ಕಂಪನಿಯದೇ ಪರಿಶೀಲನಾ ತಂಡ 1982ರಲ್ಲಿ ಬರೆದಿಟ್ಟಿತ್ತು, ಕಾರ್ಮಿಕರು ಎಚ್ಚರಿಸಿದ್ದರು, ಪತ್ರಕರ್ತ ರಾಜಕುಮಾರ ಕೇಸ್ವಾನಿ ಅದೇ ವರ್ಷ ಬರೆದರು. 1984ರ ಡಿಸೆಂಬರಿನ ರಾತ್ರಿ ಸಾವಿರಾರು ಜನ ಸತ್ತರು. ಅಲ್ಲಿ ಎಚ್ಚರಿಕೆಗೆ ಕೊರತೆಯಿರಲಿಲ್ಲ, ಎಚ್ಚರಿಕೆಗೆ ಉತ್ತರ ಕೊಡುವ ಹೊಣೆ ಯಾರ ತಲೆಯ ಮೇಲೂ ಇರಲಿಲ್ಲ.

ಹಾಗಾದರೆ ನಮ್ಮ ಜಿಲ್ಲೆಯ ಮಟ್ಟದ ಸಂಸ್ಥೆಗಳು ಏನು ಮಾಡಬಹುದು? ಸೆಬಿಯ ನಿಯಮ ಇವುಗಳ ಮೇಲಿಲ್ಲ, ಸಲಹಾ ಸಂಸ್ಥೆಗಳಿಗೆ ಲಕ್ಷಗಟ್ಟಲೆ ಶುಲ್ಕ ತೆರುವ ಶಕ್ತಿಯೂ ಇಲ್ಲ. ಅದರ ಅಗತ್ಯವೂ ಇಲ್ಲ. ಮೂರು ತಿಂಗಳಿಗೊಮ್ಮೆ ಎರಡು ತಾಸಿನ ಒಂದು ಸಭೆ ಸಾಕು. ಅದರಲ್ಲಿ ಮುಂದೆ ಏನು ಕೆಡಬಹುದೆಂಬುದರ ಹೊರತು ಬೇರೆ ವಿಷಯ ಇರಕೂಡದು. ಪಿಗ್ಮಿ ಏಜೆಂಟರು, ಮಗ್ಗದವರು, ಕ್ರೇನ್ ಚಾಲಕರು, ಲಾರಿ ಚಾಲಕರು ಅಲ್ಲಿರಬೇಕು. ಪ್ರತಿಯೊಬ್ಬರೂ ತಮಗೆ ಚಿಂತೆ ಹುಟ್ಟಿಸುವ ಮೂರು ಸಂಗತಿಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಬರೆಯಲು ಬಾರದವರ ಪರವಾಗಿ ಅವರು ನಂಬಿದವರು ಬರೆಯಲಿ. ಚೀಟಿಗಳನ್ನು ಓದಿದ ಮೇಲೆ ಮಾತು ಕಿರಿಯರಿಂದ ಮೊದಲಾಗಿ ಅಧ್ಯಕ್ಷರಲ್ಲಿ ಮುಗಿಯಲಿ. ಅಧ್ಯಕ್ಷರು ಮೊದಲು ಮಾತಾಡಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವ ಕೆಲಸವೊಂದೇ ಉಳಿಯುತ್ತದೆ.

ಪ್ರತಿಯೊಂದು ಅಪಾಯಕ್ಕೂ ಒಬ್ಬ ಹೊಣೆಗಾರರ ಹೆಸರು ಮತ್ತು ಒಂದು ದಿನಾಂಕ ನಡವಳಿ ಪುಸ್ತಕದಲ್ಲಿ ದಾಖಲಾಗಬೇಕು. ಮುಂದಿನ ಸಭೆಯ ಮೊದಲ ವಿಷಯ ಅದೇ ಆಗಬೇಕು. ಒಂದು ಎಚ್ಚರಿಕೆಯನ್ನು ಕೈಬಿಡಲು ಮಂಡಳಿಗೆ ಅಧಿಕಾರವಿದೆ, ಆದರೆ ಏಕೆ ಕೈಬಿಟ್ಟೆವೆಂಬುದನ್ನು ಬರೆಯಬೇಕು, ಭಿನ್ನಾಭಿಪ್ರಾಯವಿದ್ದರೆ ಅದನ್ನೂ ಬರೆಯಬೇಕು. ಸುಳಿವು ಕೊಟ್ಟವರಿಗೆ ಕಿರುಕುಳವಾಗಕೂಡದು. ಕಂಪನಿ ಕಾಯ್ದೆಯ 177ನೆಯ ಕಲಮು ಷೇರುಪೇಟೆಯ ಕಂಪನಿಗಳಿಗೂ, ಸಾರ್ವಜನಿಕರಿಂದ ಠೇವಣಿ ಪಡೆಯುವ ಅಥವಾ ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗೂ ಮಿಕ್ಕಿ ಸಾಲ ಮಾಡಿದ ಕಂಪನಿಗಳಿಗೂ ಇಂತಹ ರಕ್ಷಣೆಯ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದೆ. ಉಳಿದವರು ತಾವಾಗಿಯೇ ಅದನ್ನು ತಮ್ಮ ಉಪವಿಧಿಗಳಲ್ಲಿ ಸೇರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು ಪ್ರತಿವರ್ಷ ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಲಾಭಾಂಶ ಎಷ್ಟೆಂದು ಕೇಳಿ, ಉಪಾಹಾರ ಮುಗಿಸಿ ಮನೆಗೆ ಬರುವುದು ಸದಸ್ಯರ ರೂಢಿ. ಈ ಸಲ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ‘ಕಳೆದ ವರ್ಷ ನಮ್ಮ ಸಂಘದ ಅತ್ಯಂತ ಕೆಳಗಿನ ನೌಕರರು ಯಾವ ಅಪಾಯದ ಬಗ್ಗೆ ನಿಮಗೆ ತಿಳಿಸಿದರು, ಅದಕ್ಕೆ ನೀವೇನು ಮಾಡಿದಿರಿ?’ ಯಾರೂ ಏನೂ ತಿಳಿಸಲಿಲ್ಲವೆಂದು ಅಧ್ಯಕ್ಷರು ಸಂತೋಷದಿಂದ ಉತ್ತರಿಸಿದರೆ, ಅಂತಹ ಸಂಘದಲ್ಲಿಟ್ಟ ಠೇವಣಿಯ ಬಗ್ಗೆ ಆ ದಿನವೇ ಯೋಚಿಸುವುದು ಒಳ್ಳೆಯದು.